ಪ್ರಿಲಾಕ್ಸ್ ಕ್ರೀಮ್: ಸೂಜಿಗೆ ಒಂದು ತಾಸು ಮೊದಲು ಹಚ್ಚಿದರೆ ಮಾತ್ರ ಕೆಲಸ

ಇದರಲ್ಲಿರುವ ಔಷಧಗಳು: ಲಿಡೋಕೇನ್ 2.5%, ಪ್ರಿಲೋಕೇನ್ 2.5%. ಮಗುವಿಗೆ ರಕ್ತ ತೆಗೆಯುವ ಅಥವಾ ಸಲೈನ್ ಸೂಜಿ ಹಾಕುವ ಜಾಗವನ್ನು ಜೋಮು ಹಿಡಿಸುವ ಕ್ರೀಮ್ ಇದು. ಔಷಧ ಒಳ್ಳೆಯದು, ಕೆಡುವುದು ಹಚ್ಚುವ ರೀತಿಯಲ್ಲಿ.

ಉಜ್ಜಬಾರದು. ದಪ್ಪಗೆ ಇಟ್ಟು, ಪಾರದರ್ಶಕ ಪಟ್ಟಿಯಿಂದ ಗಾಳಿಯಾಡದಂತೆ ಮುಚ್ಚಿ 60 ನಿಮಿಷ ಬಿಡಬೇಕು. ಹತ್ತೇ ನಿಮಿಷಕ್ಕೆ ಒರೆಸಿ ಚುಚ್ಚಿದರೆ ಹಚ್ಚಿಯೂ ದಂಡ. ಕಲಬುರಗಿಯ ಮೇ ಬಿಸಿಲಿಗೆ ಬೆವರಿ ಪಟ್ಟಿ ಕಿತ್ತು ಬರುತ್ತದೆ. ಮೊದಲು ಚರ್ಮ ಒಣಗಿಸಿ, ಮೇಲೊಂದು ಬಟ್ಟೆ ಸುತ್ತಿ. ಮಗು ಬಾಯಿಗೆ ಹಾಕಿಕೊಳ್ಳುವುದೂ ತಪ್ಪುತ್ತದೆ.

ಚರ್ಮ ಬಿಳಿಚಿ ರಕ್ತನಾಳ ಕಾಣದಾಗುವುದು ಇದರ ಕೊರತೆ. ಒರೆಸಿ ಹತ್ತು ನಿಮಿಷ ಕಾಯ್ದರೆ ಸರಿಹೋಗುತ್ತದೆ. ಮೊದಲ ಪ್ರಯತ್ನ ತಪ್ಪಬಹುದು, ಹಾಗಾಗಿ ಎರಡು ಕಡೆ ಹಚ್ಚಿಸಿ. ಆದರೆ ಮೂರು ತಿಂಗಳೊಳಗಿನ ಕೂಸಿಗೆ ಒಟ್ಟು 1 ಗ್ರಾಂ ಮೀರಬಾರದು: ಪ್ರಿಲೋಕೇನ್ ಹೆಚ್ಚಾದರೆ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡು ತುಟಿ ನೀಲಿಯಾಗುತ್ತದೆ. ಪ್ರಮಾಣ ವೈದ್ಯರೇ ಹೇಳಲಿ. ಗಾಯದ ಮೇಲೆ ಬೇಡ.

ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗಲೇ ಈ ಕ್ರೀಮ್ ಕೇಳಿ. ‘ಒಂದೇ ಚುಚ್ಚು ಅದ, ಗಟ್ಟಿ ಹಿಡೀರಿ’ ಎಂದು ಸಿಬ್ಬಂದಿ ಹೇಳಿದರೆ, ತುರ್ತಿಲ್ಲದಿದ್ದಲ್ಲಿ, ‘ಒಂದು ತಾಸು ಕಾಯ್ತೀವ್ರಿ, ತೊಡಿ ಮ್ಯಾಲೆ ಕೂಡಿಸ್ಕೋತೀವಿ’ ಎನ್ನಿ. ಮಲಗಿಸಿ ಒತ್ತಿ ಹಿಡಿದರೆ ಮಗು ಇನ್ನಷ್ಟು ಹೆದರುತ್ತದೆ. ಎರಡು ಸಲ ತಪ್ಪಿದರೆ ಅನುಭವಿ ನರ್ಸನ್ನು ಕರೆಸಲು ಕೇಳಿ. ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವುದಕ್ಕೆ ಮಾತ್ರ ಈ ಕ್ರೀಮ್ ಕೆಲಸಕ್ಕೆ ಬಾರದು. ಅಲ್ಲಿ ಎದೆಹಾಲು ಕುಡಿಸುತ್ತಿರುವುದೇ ಮೇಲು.