ಮೆಟೀರಿಯಲ್ಸ್ ಪ್ರಾಜೆಕ್ಟ್: ಫ್ರೀ ಆಗಿ ಇಷ್ಟು ಸಿಕ್ಕಿದ್ರೆ ಬಿಡೋದುಂಟಾ!

ಬ್ಯಾಟರಿ, ಸೋಲಾರ್ ಅಂತ ಹೊಸ ಮೆಟೀರಿಯಲ್ ಹುಡುಕೋ ಹುಡುಗ್ರಿಗೆ ನಾನು ಮೊದಲು ಹೇಳೋದೇ ಮೆಟೀರಿಯಲ್ಸ್ ಪ್ರಾಜೆಕ್ಟ್ ಅನ್ನೋ ಈ ಆನ್‌ಲೈನ್ ಡೇಟಾಬೇಸನ್ನ. 2011ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನಲ್ಲಿ ಕ್ರಿಸ್ಟಿನ್ ಪರ್ಸನ್ ಅವರ ನೇತೃತ್ವದಲ್ಲಿ ಶುರುವಾಗಿದ್ದು, ಈಗ ಒಂದೂವರೆ ಲಕ್ಷಕ್ಕೂ ಜಾಸ್ತಿ ಮೆಟೀರಿಯಲ್ಸ್‌ದು ಗುಣಗಳನ್ನ ಸೂಪರ್ ಕಂಪ್ಯೂಟರಲ್ಲಿ ಲೆಕ್ಕ ಹಾಕಿ ಇಟ್ಬಿಟ್ಟಿದಾರೆ, ಅಕೌಂಟ್ ಮಾಡ್ಕೊಂಡ್ರೆ ಆಯ್ತು, ದುಡ್ಡು ಗಿಡ್ಡು ಏನೂ ಇಲ್ಲ.

ಪೀರಿಯಾಡಿಕ್ ಟೇಬಲ್ ಮೇಲೆ ಸೋಡಿಯಂ, ಕಬ್ಬಿಣ, ಆಕ್ಸಿಜನ್ ಒತ್ತಿ, ಆ ಮೂರೂ ಸೇರಿರೋ ಕಾಂಪೌಂಡುಗಳು ಸ್ಟ್ರಕ್ಚರ್, ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನ್ ಬಿಡಿಸ್ಕೊಂಡು ಕರೆಂಟ್ ಹರಿಸೋಕೆ ಬೇಕಾದ ಕನಿಷ್ಠ ಶಕ್ತಿ), ಎನರ್ಜಿ ಅಬವ್ ಹಲ್ (ಅದೇ ಧಾತುಗಳ ಅತಿ ಸ್ಟೇಬಲ್ ರೂಪಗಳಿಗಿಂತ ಎಷ್ಟು ಶಕ್ತಿ ಜಾಸ್ತಿ ಅನ್ನೋದು) ಸಮೇತ ಸಾಲಾಗಿ ಬರ್ತವೆ. ನನಗಂತೂ ಈ ಹಲ್ ನಂಬರ್ರೇ ಇಷ್ಟ. ಸೊನ್ನೆ ಇದ್ರೆ ಸ್ಟೇಬಲ್, ಜಾಸ್ತಿ ಆದಷ್ಟೂ ಬೇರೆ ಕಾಂಪೌಂಡುಗಳಾಗಿ ಒಡೆಯೋ ಚಾನ್ಸ್ ಜಾಸ್ತಿ, ಹಾಗಾಗಿ ಫರ್ನೇಸ್ ಆನ್ ಮಾಡೋ ಮುಂಚೆನೇ ಲಿಸ್ಟಲ್ಲಿ ಎಷ್ಟೋ ಹೆಸರು ಹೊಡೆದು ಹಾಕ್ಬಹುದು. ಹಂಗಂತ ಸೊನ್ನೆ ಇದ್ದಿದ್ದೆಲ್ಲ ಲ್ಯಾಬಲ್ಲಿ ತಯಾರಾಗತ್ತೆ ಅಂತಲ್ಲ ಮತ್ತೆ, ಲೆಕ್ಕ ಎಲ್ಲಾ ಸೊನ್ನೆ ಕೆಲ್ವಿನ್‌ಗೆ, ಅಂದ್ರೆ ಸುಮಾರು ಮೈನಸ್ 273 ಡಿಗ್ರಿ ಸೆಲ್ಸಿಯಸ್‌ಗೆ ಹಾಕಿರೋದು.

ಬ್ಯಾಂಡ್ ಗ್ಯಾಪ್ ಮಾತ್ರ ಕಣ್ಮುಚ್ಚಿ ನಂಬಬೇಡಿ. ಸಿಲಿಕಾನ್‌ಗೆ ನಿಜವಾಗಿ ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್, ಇಲ್ಲಿ ತೋರ್ಸೋದು 0.6 ಆಸುಪಾಸು! ಇದು ಸೈಟ್ ತಪ್ಪಲ್ಲ, ಅವರು ಬಳಸೋ ಡಿಎಫ್‌ಟಿ (ಕ್ವಾಂಟಮ್ ಸಿದ್ಧಾಂತದಿಂದ ಎಲೆಕ್ಟ್ರಾನ್‌ಗಳ ಲೆಕ್ಕ ಹಾಕೋ) ವಿಧಾನದ ಹಳೇ ಚಾಳಿ. ಯಾವುದು ಕಮ್ಮಿ ಯಾವುದು ಜಾಸ್ತಿ ಅಂತ ಜರಡಿ ಹಿಡಿಯೋಕೆ ಓಕೆ, ಪೇಪರಲ್ಲಿ ಹಾಕೋ ನಂಬರ್‌ಗೆ ಎಕ್ಸ್‌ಪೆರಿಮೆಂಟೇ ಬೇಕು.

ಪೈಥಾನ್ ಬಂದ್ರೆ ಎಪಿಐ ಕೀ (ಪ್ರೋಗ್ರಾಂ ಮೂಲಕ ಡೇಟಾ ತಗೊಳ್ಳೋಕೆ ಸೈಟ್ ಕೊಡೋ ಕೋಡ್) ತಗೊಂಡು ಪೈಮ್ಯಾಟ್‌ಜೆನ್ ಅನ್ನೋ ಪೈಥಾನ್ ಲೈಬ್ರರಿ ಜೊತೆ ಸಾವಿರಾರು ಎಂಟ್ರಿ ಒಂದೇ ಸಲ ಎಳ್ಕೋಬಹುದು, ಬರದಿದ್ರೂ ಪರವಾಗಿಲ್ಲ, ಸ್ಟ್ರಕ್ಚರ್ ಇರೋ ಸಿಐಎಫ್ ಫೈಲ್ ಡೌನ್‌ಲೋಡ್ ಮಾಡಿ, ಸ್ಟ್ರಕ್ಚರ್ ಚಿತ್ರ ತೋರ್ಸೋ ವೆಸ್ಟಾ ಸಾಫ್ಟ್‌ವೇರಲ್ಲಿ ತೆಗೀರಿ.