ದಿನದ ಬಸ್ಸು, ಪಿಜಿ, ಬಾಡಿಗೆ ಕೋಣೆ: ಕಲಬುರಗಿಯಲ್ಲಿ ಓದಲು ನಾನು ಕಂಡ ಮೂರು ದಾರಿ

ತಂಗಿಯ ಪಿಯುಸಿ ಫಲಿತಾಂಶ ಬಂದ ಸಂಜೆ ಅಪ್ಪ ಫೋನ್ ಮಾಡಿ, "ಇವಳನ್ನು ಎಲ್ಲಿ ಇಡೋಣ?" ಎಂದು ಕೇಳಿದರು. "ನಮ್ಮ ಕೋಣೆಯಲ್ಲೇ" ಎಂದು ತಟ್ಟನೆ ಹೇಳಿದೆ. ಮೂರು ವರ್ಷಗಳ ಹಿಂದೆ ನನ್ನ ವಿಷಯದಲ್ಲಿ ಇದೇ ಪ್ರಶ್ನೆ ಎದ್ದಾಗ ಮನೆಯಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ನಾನು ನಾಲ್ಕು ತಿಂಗಳು ಊರಿನಿಂದ ದಿನವೂ ಬಸ್ಸಿನಲ್ಲಿ ಓಡಾಡಿದೆ, ಐದು ತಿಂಗಳು ಪಿಜಿಯಲ್ಲಿದ್ದೆ, ಆಮೇಲಿನ ಕಾಲವನ್ನೆಲ್ಲ ಇಬ್ಬರು ಗೆಳತಿಯರ ಜೊತೆ ಬಾಡಿಗೆ ಕೋಣೆಯಲ್ಲಿ ಕಳೆದೆ. ಬಸ್ಸಿನಿಂದಾಗಿ ಮೊದಲ ಸೆಮಿಸ್ಟರಿನ ಅರ್ಧ ಪ್ರಾಯೋಗಿಕ ತರಗತಿಗಳು ಹೋದವು. ಪಿಜಿಯಲ್ಲಿ 5,000 ರೂಪಾಯಿ ಹೋಯಿತು. ಜೇವರ್ಗಿ, ಅಫಜಲಪುರ, ಚಿಂಚೋಳಿ, ಶಹಾಪುರ ಕಡೆಯ ಹಳ್ಳಿಗಳಿಂದ ಈ ವರ್ಷ ಕಲಬುರಗಿಗೆ ಓದಲು ಬರುವ ಹೆಣ್ಣುಮಕ್ಕಳಿಗೆ ಹಾಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ನಮ್ಮದು ನಾಲ್ಕು ಎಕರೆ ಒಣ ಬೇಸಾಯ, ಅದರಲ್ಲಿ ತೊಗರಿಯೇ ಹೆಚ್ಚು. ಮುಂಗಾರಿಗೆ ಬಿತ್ತಿದ ತೊಗರಿ ರಾಶಿಯಾಗುವುದು ಡಿಸೆಂಬರ್, ಜನವರಿ ಹೊತ್ತಿಗೆ. ಆಗ ಕೈಯಲ್ಲಿ ಹಣವಿರುತ್ತದೆ. ಆಗಸ್ಟ್‌ನಲ್ಲೋ ಅಕ್ಟೋಬರ್‌ನಲ್ಲೋ ಕೇಳಿದರೆ ಅಪ್ಪ ಯಾರ ಬಳಿಯಾದರೂ ಕೈಗಡ ತರಬೇಕು. ಪ್ರತಿ ತಿಂಗಳ ಐದನೇ ತಾರೀಖಿಗೆ ಹಣ ಹೊಂದಿಸುವುದು ಸಂಬಳದ ಮನೆಗೆ ಸುಲಭ, ನಮ್ಮಂಥ ಮನೆಗೆ ಕಷ್ಟ. ನಾನು ಮುಂದೆ ಹೇಳುವುದನ್ನೆಲ್ಲ ಈ ಲೆಕ್ಕದ ಜೊತೆಗೇ ಓದಿಕೊಳ್ಳಬೇಕು.

2023ರಲ್ಲಿ ಬಿ.ಎಸ್ಸಿ.ಗೆ ಸೇರಿದಾಗ ದಿನವೂ ಹೋಗಿಬರುವುದೇ ಒಳ್ಳೆಯದೆಂದು ಎಲ್ಲರೂ ಹೇಳಿದರು. ಆ ವರ್ಷ ಜೂನ್ 11ರಿಂದ ಶಕ್ತಿ ಯೋಜನೆ ಶುರುವಾಗಿತ್ತು. ಹೆಣ್ಣುಮಕ್ಕಳಿಗೆ ಟಿಕೆಟಿನ ಹಣವಿಲ್ಲ ಎಂದ ಮೇಲೆ ಪಟ್ಟಣದಲ್ಲಿ ಮನೆ ಯಾಕೆ ಎಂಬುದು ಅವರ ಮಾತು. ನಮ್ಮ ಊರು ಜೇವರ್ಗಿಯಿಂದ ಹನ್ನೆರಡು ಕಿಲೋಮೀಟರ್ ಒಳಗಿದೆ. ರಾತ್ರಿ ಊರಲ್ಲೇ ನಿಲ್ಲುವ ವಸ್ತಿ ಬಸ್ಸು ಬೆಳಿಗ್ಗೆ ಆರೂವರೆಗೆ ಹನುಮಾನ ಗುಡಿಯ ಮುಂದಿನಿಂದ ಹೊರಡುತ್ತದೆ. ಜೇವರ್ಗಿಯ ಮೇಲೆ ಹೋಗಿ, ಕಟ್ಟಿ ಸಂಗಾವಿಯ ಸೇತುವೆಯಲ್ಲಿ ಭೀಮೆಯನ್ನು ದಾಟಿ, ಫರಹತಾಬಾದ್ ಕಳೆದು ಎಂಟೂವರೆಯ ಸುಮಾರಿಗೆ ಕಲಬುರಗಿ ಬಸ್ ನಿಲ್ದಾಣವನ್ನು ಮುಟ್ಟುತ್ತದೆ. ಬೆಳಗಿನ ಆ ಪ್ರಯಾಣ ನನಗೆ ಇಂದಿಗೂ ಇಷ್ಟ. ಕಿಟಕಿಯ ಪಕ್ಕ ಸೀಟು ಸಿಕ್ಕರೆ ಒಂದು ಪಾಠ ಓದಿ ಮುಗಿಯುತ್ತಿತ್ತು.

ಕೆಡುತ್ತಿದ್ದುದು ಸಂಜೆ. ನಮ್ಮ ಊರಿಗೆ ನೇರವಾಗಿ ಬರುವ ಕೊನೆಯ ಬಸ್ಸು ಐದೂವರೆಗೆ. ಪ್ರಾಯೋಗಿಕ ತರಗತಿ ಮುಗಿಯುವುದು ಐದೂಕಾಲಿಗೆ. ಸೇಡಂ ರಸ್ತೆಯ ಕಡೆಯಿಂದ ನಿಲ್ದಾಣಕ್ಕೆ ಹದಿನೈದು ನಿಮಿಷಗಳಲ್ಲಿ ಬಂದು ಸೇರುವುದು ಆಗದ ಮಾತು. ಆ ಬಸ್ಸು ತಪ್ಪಿದರೆ ಜೇವರ್ಗಿಯವರೆಗೆ ಬೇರೆ ಬಸ್ಸಿನಲ್ಲಿ ಬಂದು, ಹೊಲದಿಂದ ದಣಿದು ಬಂದ ಅಪ್ಪನನ್ನು ಬೈಕಿನಲ್ಲಿ ಕರೆಸಿಕೊಳ್ಳಬೇಕಿತ್ತು. ಮಳೆಗಾಲದ ಒಂದು ರಾತ್ರಿ ಹಳ್ಳದ ಹತ್ತಿರ ಬೈಕು ಜಾರಿ ಅಪ್ಪನ ಮೊಣಕಾಲಿಗೆ ಪೆಟ್ಟಾಯಿತು. ಮಾರನೆಯ ವಾರದಿಂದ ನಾನು ಪ್ರಯೋಗಾಲಯದಿಂದ ನಾಲ್ಕೂವರೆಗೇ ಎದ್ದುಬರತೊಡಗಿದೆ. ಟೈಟ್ರೇಶನ್ ಅರ್ಧಕ್ಕೆ ಬಿಟ್ಟು, ಕೊನೆಯ ರೀಡಿಂಗನ್ನು ಪಕ್ಕದವಳ ಪುಸ್ತಕದಿಂದ ಬರೆದುಕೊಂಡಿದ್ದನ್ನು ನೆನೆದರೆ ಈಗಲೂ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಬಿ.ಎ., ಬಿ.ಕಾಂ. ಓದುವವರು, ಮಧ್ಯಾಹ್ನಕ್ಕೇ ತರಗತಿ ಮುಗಿಯುವವರು ಧಾರಾಳವಾಗಿ ಬಸ್ಸಿನಲ್ಲಿ ಓಡಾಡಬಹುದು. ವಿಜ್ಞಾನ ಓದುವವರಿಗೆ ನಾನು ಹೇಳುವುದಿಲ್ಲ.

ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ತೊಗರಿ ಮಾರಿದ ಹಣ ಬಂದಿತ್ತು. ಕಾಲೇಜಿಗೆ ನಡೆದುಹೋಗುವಷ್ಟು ಹತ್ತಿರದಲ್ಲೇ ಪಿಜಿ ಸಿಕ್ಕಿತು. ತಿಂಗಳಿಗೆ 5,500, ಅಡ್ವಾನ್ಸ್ 5,000. ಊಟ, ತಿಂಡಿ, ಬಿಸಿನೀರು ಎಲ್ಲವೂ ಸೇರಿ. ಅಲ್ಲಿ ಒಳ್ಳೆಯದೂ ಇತ್ತು. ಕೆಲಸವಿಲ್ಲ, ಭಯವಿಲ್ಲ, ಬಾಗಿಲಲ್ಲಿ ಕಾವಲಿದೆ. ಬೀದರಿನ ಕಡೆಯ ಒಬ್ಬ ಹುಡುಗಿ ಅಲ್ಲೇ ಇದ್ದು ಒಳ್ಳೆಯ ಅಂಕ ತೆಗೆದಳು. ರಾತ್ರಿ ಒಂದರವರೆಗೆ ಓದಿ ಎಂಟಕ್ಕೆ ಏಳುವ ರೂಢಿ ಅವಳದು, ಆ ಮನೆ ನಡೆಯುವುದೂ ಹಾಗೆಯೇ. ನಾನು ಹುಟ್ಟಿದಾಗಿನಿಂದ ಒಂಬತ್ತೂವರೆಗೆ ಮಲಗಿ ನಾಲ್ಕೂವರೆಗೆ ಏಳುವವಳು. ರಾತ್ರಿ ಅವರ ದೀಪ ನನಗೆ ನಿದ್ದೆ ಕೊಡಲಿಲ್ಲ. ಬೆಳಿಗ್ಗೆ ನಾನು ದೀಪ ಹಾಕಿದರೆ ಅವರಿಗೆ ತೊಂದರೆ, ಹಾಗಾಗಿ ಮೆಟ್ಟಿಲ ಮೇಲೆ ಕುಳಿತು ಓದುತ್ತಿದ್ದೆ.

ಊಟದ ಬಗ್ಗೆ ಒಂದೇ ಮಾತು: ಚಪಾತಿ ಎಣಿಸಿ ಬಡಿಸುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ಯಾರ ತಾಟಿನ ರೊಟ್ಟಿಯನ್ನೂ ಎಣಿಸಿಲ್ಲ.

ಬಿಡುವ ಒಂದು ತಿಂಗಳ ಮೊದಲೇ ಹೇಳಬೇಕೆಂಬ ನಿಯಮವಿತ್ತು, ನಾನು ಹೇಳಿದ್ದೆ. ಬಾಯಲ್ಲಿ ಹೇಳಿದ್ದನ್ನು ಮಾಲೀಕರು ಕೊನೆಯ ದಿನ ಒಪ್ಪಲಿಲ್ಲ, ಅಡ್ವಾನ್ಸ್ ಮರಳಿ ಬರಲಿಲ್ಲ. ಎರಡು ಸಾಲು ಬರೆದು, ತಾರೀಖು ಹಾಕಿ, ಅವರ ಸಹಿ ಪಡೆದು, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡಿದ್ದರೆ ಆ ಹಣ ಉಳಿಯುತ್ತಿತ್ತು. ನೀವು ಎಲ್ಲಿಗೇ ಹೋದರೂ ಇದನ್ನು ಮರೆಯದೆ ಮಾಡಿ.

ಈಗಿನ ಕೋಣೆ ಸೇಡಂ ರಸ್ತೆಯ ಒಂದು ಓಣಿಯಲ್ಲಿದೆ. ಕೆಳಗೆ ಮನೆಯವರಿದ್ದಾರೆ, ಮೇಲೆ ಒಂದು ಕೋಣೆ, ಪುಟ್ಟ ಅಡುಗೆಮನೆ, ಬಚ್ಚಲು. ಬಾಡಿಗೆ 4,500, ಮೂವರಿಗೆ ಹಂಚಿದರೆ ತಲಾ 1,500. ಗ್ಯಾಸ್, ವಿದ್ಯುತ್, ಕುಡಿಯುವ ನೀರಿನ ಕ್ಯಾನ್, ತರಕಾರಿ ಎಲ್ಲ ಸೇರಿ ಇನ್ನೊಂದು 1,200. ಒಟ್ಟಿನಲ್ಲಿ ಪಿಜಿಯ ಅರ್ಧ. ಒಬ್ಬಳು ಶಹಾಪುರ ತಾಲ್ಲೂಕಿನವಳು, ಇನ್ನೊಬ್ಬಳು ಚಿಂಚೋಳಿಯ ಕಡೆಯವಳು. ಮೂವರೂ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ಮೂವರೂ ಬೆಳಗಿನ ಜಾವ ಏಳುವವರು. ಐದು ಗಂಟೆಗೆ ಚಹಾ ಮಾಡಿಕೊಂಡು ಕುಳಿತರೆ ಇಂಗ್ಲಿಷಿನ ಪಾಠವನ್ನು ಒಬ್ಬಳು ಓದುತ್ತಾಳೆ, ಒಬ್ಬಳು ಕನ್ನಡದಲ್ಲಿ ಹೇಳುತ್ತಾಳೆ, ಮೂರನೆಯವಳು ತಪ್ಪು ಹಿಡಿಯುತ್ತಾಳೆ. ನನ್ನ ಎರಡನೆಯ ವರ್ಷದ ಭೌತಶಾಸ್ತ್ರ ಪೂರ್ತಿ ಹೀಗೆಯೇ ತಲೆಗೆ ಹತ್ತಿತು.

ಮನೆಯೊಡತಿ ತೊಗರಿಯ ಲೆಕ್ಕ ತಿಳಿದವರು. ಮಳೆಗಾಲದಲ್ಲಿ ಎರಡು ತಿಂಗಳ ಬಾಡಿಗೆ ನಿಂತರೂ ಕೇಳಲಿಲ್ಲ, ಜನವರಿಯಲ್ಲಿ ಅಪ್ಪ ಒಟ್ಟಿಗೆ ಕೊಟ್ಟು ಹೋದರು. ಹೋಳಿ ಹುಣ್ಣಿಮೆಯ ಐದನೇ ದಿನ ಶರಣಬಸವೇಶ್ವರರ ತೇರಿಗೆ ಅವ್ವ ಬಂದಾಗ ನಮ್ಮ ಕೋಣೆಯಲ್ಲೇ ಎರಡು ರಾತ್ರಿ ಇದ್ದಳು. ಪಿಜಿಯಲ್ಲಿದ್ದ ವರ್ಷ ತೇರು ಮುಗಿಸಿ ಶರಣಬಸವೇಶ್ವರರ ಗುಡಿಯ ಅಂಗಳದಲ್ಲೇ ಮಲಗಿ ಬೆಳಗು ಮಾಡಿದ್ದಳು.

ಇಷ್ಟೆಲ್ಲ ಇದ್ದರೂ ಕೋಣೆಗೆ ಒಂದು ತೊಡಕಿತ್ತು, ಅದು ನನ್ನನ್ನು ಒಂದು ವರ್ಷ ಕಾಡಿತು. ಅದು ಬುತ್ತಿ.

ಕಲಬುರಗಿಯ ನಿಲ್ದಾಣದಲ್ಲಿ ಬೆಳಿಗ್ಗೆ ನಿಂತು ನೋಡಿದವರಿಗೆ ಗೊತ್ತು, ಪ್ರತಿ ಹಳ್ಳಿಯ ಬಸ್ಸಿನಿಂದಲೂ ಬುತ್ತಿಯ ಗಂಟುಗಳು ಇಳಿಯುತ್ತವೆ. ವಸ್ತಿಗೆ ಬರುವ ಚಾಲಕ, ನಿರ್ವಾಹಕರಿಗೆ ನಮ್ಮ ಊರಿನ ಮನೆಗಳಿಂದಲೇ ರಾತ್ರಿಯ ಊಟ ಹೋಗುತ್ತದೆ. ಬೆಳಿಗ್ಗೆ ಅದೇ ಮನೆಗಳ ಮಕ್ಕಳ ಬುತ್ತಿಯನ್ನು ಅವರು ಜೋಪಾನವಾಗಿ ತರುತ್ತಾರೆ. ಅವ್ವ ಬಿಳಿ ಬಟ್ಟೆಯಲ್ಲಿ ರೊಟ್ಟಿ ಕಟ್ಟಿ, ಮೇಲೆ ನನ್ನ ಹೆಸರು ಬರೆಸಿ, ವಾರಕ್ಕೆ ಎರಡು ಸಲ ಕಳಿಸುತ್ತಿದ್ದಳು. ಬಸ್ಸು ನಿಲ್ದಾಣದಲ್ಲಿ ನಿಲ್ಲುವುದು ಇಪ್ಪತ್ತೇ ನಿಮಿಷ, ಆಮೇಲೆ ಬೇರೆ ಊರಿಗೆ ಹೊರಡುತ್ತದೆ. ನನ್ನ ಮೊದಲ ತರಗತಿ ಒಂಬತ್ತಕ್ಕೆ. ಬುತ್ತಿ ಇಸಿದುಕೊಂಡು ಸಿಟಿ ಬಸ್ಸು ಹಿಡಿದು ಕಾಲೇಜು ಮುಟ್ಟುವಷ್ಟರಲ್ಲಿ ಒಂಬತ್ತೂಕಾಲು ಆಗಿಯೇ ಆಗುತ್ತಿತ್ತು. ವಾರಕ್ಕೆ ಎರಡು ದಿನ ರಸಾಯನಶಾಸ್ತ್ರದ ಹಾಜರಿ ತಪ್ಪಿತು. ಶೇ 75ರಷ್ಟು ಹಾಜರಿ ಬೇಕೇ ಬೇಕು. ಮೂರನೆಯ ತಿಂಗಳಲ್ಲಿ ಕಡಿಮೆ ಹಾಜರಿಯವರ ಪಟ್ಟಿಯನ್ನು ಗೋಡೆಗೆ ಅಂಟಿಸಿದಾಗ ನನ್ನ ಹೆಸರು ಅದರಲ್ಲಿತ್ತು.

ಅದಕ್ಕಿಂತ ನೋವು ಕೊಟ್ಟ ದಿನ ಇನ್ನೊಂದು. ಅಂದು ಆಂತರಿಕ ಪರೀಕ್ಷೆ. ಬುತ್ತಿ ಬರುತ್ತದೆಂದು ಗೊತ್ತಿದ್ದರೂ ನಿಲ್ದಾಣಕ್ಕೆ ಹೋಗಲಾಗಲಿಲ್ಲ, ಫೋನ್ ಮಾಡಿ ಹೇಳುವುದೂ ಮರೆತುಹೋಯಿತು. ಗಂಟು ಬಸ್ಸಿನಲ್ಲೇ ಊರೂರು ಸುತ್ತಿ ಸಂಜೆ ಮರಳಿ ನಮ್ಮ ಮನೆಗೇ ಹೋಯಿತು. ಮಗಳಿಗೆ ಏನಾಯಿತೋ ಎಂದು ಅವ್ವ ಗಾಬರಿಯಾಗಿ ಕೈಯಲ್ಲಿ ಗಂಟು ಹಿಡಿದುಕೊಂಡೇ ಫೋನ್ ಮಾಡಿದಳು. ನಾನು ಚೆನ್ನಾಗಿದ್ದೇನೆ ಎಂದು ಎಷ್ಟು ಹೇಳಿದರೂ ಅಂದು ರಾತ್ರಿ ಅವಳು ಊಟ ಮಾಡಲಿಲ್ಲವೆಂದು ತಂಗಿಯಿಂದ ತಿಳಿಯಿತು.

ಬೇಸಿಗೆಯಲ್ಲಿ ಮತ್ತೊಂದು ತೊಂದರೆ. ಗಂಟುಗಳನ್ನು ಚಾಲಕರ ಪಕ್ಕದ ಬಾನೆಟ್ಟಿನ ಮೇಲೆ ಇಡುತ್ತಾರೆ. ಕೆಳಗೆ ಎಂಜಿನ್ನಿನ ಕಾವು, ಮೇಲೆ ಏಪ್ರಿಲ್ ತಿಂಗಳ ಬಿಸಿಲು. ಮೆತ್ತನೆಯ ರೊಟ್ಟಿ ಬೆವರಿ ಎರಡನೆಯ ದಿನಕ್ಕೆ ಬೂಸು ಹಿಡಿಯುತ್ತಿತ್ತು, ಬದನೆಕಾಯಿ ಪಲ್ಯ ಕೈಗೆ ಬರುವಾಗಲೇ ಹಳಸಿರುತ್ತಿತ್ತು.

ಪರಿಹಾರ ಸಿಕ್ಕಿದ್ದು ಎರಡು ಕಡೆಯಿಂದ. ನಿಲ್ದಾಣದ ಬಾಗಿಲಲ್ಲಿ ಒಬ್ಬ ಆಯಿ ಪೇರಲ, ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ನಾನು ಓಡುವುದನ್ನು ವಾರವಾರವೂ ನೋಡುತ್ತಿದ್ದ ಅವರೇ ಒಂದು ದಿನ ಕರೆದು, "ನನ್ನ ಹತ್ತಿರ ಇಡಲು ಹೇಳು, ಸಂಜೆ ಬಂದು ಒಯ್ಯಿ" ಎಂದರು. ಅಂದಿನಿಂದ ನಿರ್ವಾಹಕ ಕಾಕಾ ಗಂಟನ್ನು ಆಯಿಯ ಬುಟ್ಟಿಯ ಪಕ್ಕ ಇಟ್ಟುಹೋಗುತ್ತಾರೆ. ಅವರು ಹಣ ಮುಟ್ಟುವುದಿಲ್ಲ. ಅವ್ವ ಅವರ ಪಾಲಿಗೆಂದು ನಾಲ್ಕು ರೊಟ್ಟಿ ಬೇರೆಯಾಗಿ ಕಟ್ಟುತ್ತಾಳೆ. ಇನ್ನೊಂದು, ಮೆತ್ತನೆಯ ರೊಟ್ಟಿ ಬೇಡ, ಕಡಕ್ ರೊಟ್ಟಿ ಕಳಿಸು ಎಂದು ಅವ್ವನಿಗೆ ಹೇಳಿದೆ. ಕಡಕ್ ರೊಟ್ಟಿ ವಾರ ಕಳೆದರೂ ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿಗಳು. ಪಲ್ಯ, ಬೇಳೆ ನಾವೇ ಮಾಡಿಕೊಳ್ಳುತ್ತೇವೆ. ಈಗ ವಾರಕ್ಕೊಂದೇ ಬುತ್ತಿ ಸಾಕು, ಹಾಜರಿಯೂ ತಪ್ಪುವುದಿಲ್ಲ.

ಸಣ್ಣಪುಟ್ಟ ಸಂಗತಿಗಳು ಕೆಲವು. ನಲ್ಲಿಯ ನೀರು ದಿನವೂ ಬರುವುದಿಲ್ಲ, ಕೋಣೆ ನೋಡುವಾಗ ಮೊದಲು ಟ್ಯಾಂಕ್ ನೋಡಿ. ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ ಕೋಣೆಯನ್ನೇ ಹುಡುಕಿ. ಬಿಸಿಲು 42 ಡಿಗ್ರಿ ದಾಟಿದ ಮಧ್ಯಾಹ್ನ ನೀರು ಚಿಮುಕಿಸಿ ಬರಿನೆಲದ ಮೇಲೆ ಮಲಗಿದಾಗ ಅದರ ಬೆಲೆ ತಿಳಿಯುತ್ತದೆ. ಆಟೊದವರ ಉರ್ದು ಮಿಶ್ರಿತ ಮಾತು ಒಂದು ತಿಂಗಳಲ್ಲಿ ರೂಢಿಯಾಗುತ್ತದೆ. ಸೂಪರ್ ಮಾರ್ಕೆಟ್ ಎಂದು ಕರೆಯುವ ಪೇಟೆಯಲ್ಲಿ ತರಕಾರಿಯನ್ನು ಸಂಜೆ ಕೊಳ್ಳುವುದು ಲೇಸು.

ಸರ್ಕಾರಿ ಹಾಸ್ಟೆಲಿನಲ್ಲಿ ನಾನು ಇರಲಿಲ್ಲ, ಅರ್ಜಿ ಹಾಕಿದ್ದೆ, ಸೀಟು ಸಿಗಲಿಲ್ಲ. ಹಾಗಾಗಿ ಅದನ್ನು ಇವುಗಳ ಪಕ್ಕ ಇಟ್ಟು ತೂಗುವುದು ಸರಿಯಲ್ಲ. ಮನೆಯಲ್ಲಿ ತೀರ ಕಷ್ಟವಿದ್ದರೆ ಮೊದಲು ಅಲ್ಲಿಗೇ ಅರ್ಜಿ ಹಾಕಬೇಕು. ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆ ಇದೆ. ನನಗೆ ಬಂದಿದ್ದು ತಿಂಗಳಿಗೆ 1,500ರಂತೆ ಹತ್ತು ತಿಂಗಳದ್ದು. ನನ್ನ ಪಾಲಿನ ಬಾಡಿಗೆಯೂ ಅಷ್ಟೇ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಊರಿನಿಂದ ಹೊರಡುವ ಮೊದಲೇ ಮಾಡಿಸಿಕೊಳ್ಳಿ, ಆಮೇಲೆ ನಾಡಕಚೇರಿಗೆ ಓಡಾಡಲು ತರಗತಿ ತಪ್ಪಿಸಬೇಕಾಗುತ್ತದೆ.

ಅಡುಗೆಯೇ ಬೇಡ ಎನ್ನುವವಳಿಗೆ, ರಾತ್ರಿ ತಡವಾಗಿ ಓದುವವಳಿಗೆ, ತಿಂಗಳ ಹಣ ತಪ್ಪದೆ ಬರುವ ಮನೆಯವಳಿಗೆ ಪಿಜಿ ಹೊಂದುತ್ತದೆ. ಜೊತೆಗೆ ಇರಲು ಒಳ್ಳೆಯ ಗೆಳತಿಯರು ಸಿಗದಿದ್ದರೂ ಮೊದಲ ವರ್ಷ ಅಲ್ಲಿರುವುದೇ ಕ್ಷೇಮ. ನನ್ನ ತಂಗಿ ನನ್ನ ಹಾಗೆಯೇ ನಾಲ್ಕೂವರೆಗೆ ಏಳುವವಳು, ರೊಟ್ಟಿ ಇಲ್ಲದೆ ಅವಳಿಗೆ ಊಟ ಮಾಡಿದಂತಾಗುವುದಿಲ್ಲ, ತೊಗರಿ ಈ ವರ್ಷವೂ ಜನವರಿಗೇ ಬರುವುದು. ಪರೀಕ್ಷೆ ಮುಗಿಸಿ ನಾನು ಖಾಲಿ ಮಾಡುವ ಜಾಗ ಅವಳಿಗೇ ಇರಲೆಂದು ಕೇಳಿದ್ದೆ, ಮನೆಯೊಡತಿ ಒಪ್ಪಿದ್ದಾರೆ. ಅಡ್ವಾನ್ಸಿನ ಚೀಟಿಯಲ್ಲಿ ನನ್ನ ಹೆಸರು ತೆಗೆದು ಅವಳ ಹೆಸರು ಬರೆಸಿ ಸಹಿ ಹಾಕಿಸಿದ್ದೇನೆ. ಮುಂದಿನ ಸೋಮವಾರ ಅವಳು ವಸ್ತಿ ಬಸ್ಸಿಗೆ ಬರುತ್ತಾಳೆ. ಇಳಿದ ಕೂಡಲೇ ಅವಳನ್ನು ಆಯಿಯ ಬಳಿಗೆ ಕರೆದುಕೊಂಡು ಹೋಗಿ, ಇನ್ನು ಮೇಲೆ ಗಂಟು ಇವಳದು ಎಂದು ತೋರಿಸಬೇಕು.