ಒಂದೇ ಪೆನ್ಸಿಲ್ ಬ್ರಷ್, ಮೂರು ಕಡೆ: ಕ್ರಿಟಾ, ಕ್ಲಿಪ್ ಸ್ಟುಡಿಯೋ ಪೇಂಟ್, ಪ್ರೊಕ್ರಿಯೇಟ್

ನನಗೆ ಬೇಕಿದ್ದದ್ದು ಒಂದೇ ಪೆನ್ಸಿಲ್. ಹಗುರವಾಗಿ ಎಳೆದರೆ ಕಾಗದದ ತರಿ ಕಾಣಬೇಕು. ಒತ್ತಿದರೆ ತರಿ ಮುಚ್ಚಿ ಗೆರೆ ಕಪ್ಪಾಗಬೇಕು. ಪೆನ್ ಓರೆ ಮಾಡಿದರೆ ಅಗಲವಾಗಿ ಶೇಡ್ ಬೀಳಬೇಕು. ಡಿಜಿಟಲ್ ಆಗಿ ಚಿತ್ರ ಬಿಡಿಸುವ ಈ ಮೂರು ಸಾಫ್ಟ್‌ವೇರ್‌ಗಳಲ್ಲೂ ಇದನ್ನೇ ಮಾಡಿ ನೋಡಿದೆ. ಹೊಸದಾಗಿ ಕಟ್ಟಲಿಲ್ಲ, ಅವುಗಳಲ್ಲೇ ಇರುವ ಪೆನ್ಸಿಲ್ ಬ್ರಷ್‌ನ ನಕಲು ತೆಗೆದು ತಿದ್ದಿದೆ.

ಜಾಸ್ತಿ ಹೊತ್ತು ಹಿಡಿದದ್ದು ಕ್ರಿಟಾದಲ್ಲಿ, ಜಾಸ್ತಿ ಕಲಿತದ್ದೂ ಅಲ್ಲೇ. ಎಫ್5 ಒತ್ತಿದರೆ ಬ್ರಷ್ ಎಡಿಟರ್ ತೆರೆಯುತ್ತದೆ. ಸೈಜ್, ಒಪ್ಯಾಸಿಟಿ (ಬಣ್ಣ ಎಷ್ಟು ದಟ್ಟವಾಗಿರಬೇಕು ಎನ್ನುವುದು), ಟೆಕ್ಸ್ಚರ್‌ನ ಅಂದರೆ ತರಿಯ ಗಾಢತೆ ಹೀಗೆ ಒಂದೊಂದನ್ನೂ ಒತ್ತಡಕ್ಕೋ ಓರೆಗೋ ವೇಗಕ್ಕೋ ಜೋಡಿಸಬಹುದು. ಪ್ರತಿಯೊಂದಕ್ಕೂ ಅದರದ್ದೇ ಕರ್ವ್ ಇದೆ, ಅಂದರೆ ಎಷ್ಟು ಒತ್ತಿದರೆ ಎಷ್ಟು ಪರಿಣಾಮ ಎಂದು ಹೇಳುವ ಗ್ರಾಫ್ ಗೆರೆ. ಎರಡನ್ನು ಜೋಡಿಸಿದರೆ ಅವನ್ನು ಗುಣಿಸಬೇಕೋ ಕೂಡಿಸಬೇಕೋ ಎನ್ನುವುದನ್ನೂ ನೀವೇ ಹೇಳಬಹುದು.

ನನ್ನ ಪೆನ್ಸಿಲ್‌ಗೆ ಜೀವ ಬಂದದ್ದು ಎರಡು ಕರ್ವ್‌ಗಳಿಂದ. ಒಪ್ಯಾಸಿಟಿಯ ಕರ್ವ್ ಮೊದಲು ನೇರ ಗೆರೆಯಾಗಿತ್ತು. ಅದರ ನಡುಭಾಗವನ್ನು ಕೆಳಗೆ ಎಳೆದೆ. ಈಗ ಅರ್ಧ ಒತ್ತಿದರೂ ಗೆರೆ ಬೂದು ಬಣ್ಣದಲ್ಲೇ ಇರುತ್ತದೆ, ಪೂರ್ತಿ ಒತ್ತಿದಾಗ ಮಾತ್ರ ಕಪ್ಪಾಗುತ್ತದೆ. ಟೆಕ್ಸ್ಚರ್‌ನ ಕರ್ವ್ ತಲೆಕೆಳಗು ಮಾಡಿದೆ: ಒತ್ತಡ ಕಡಿಮೆಯಿದ್ದಾಗ ತರಿ ಪೂರ್ತಿ, ಒತ್ತಿದಷ್ಟೂ ಅದು ಕರಗುತ್ತದೆ. ಪಕ್ಕದಲ್ಲೇ ಗೀಚಿ ನೋಡುವ ಜಾಗವಿದೆ, ಒಂದೊಂದು ಬದಲಾವಣೆಯೂ ಕೂಡಲೇ ಕೈಗೆ ಗೊತ್ತಾಗುತ್ತದೆ. ಎಂಥ ಖುಷಿ ಅಲ್ವಾ! ಆಯ್ಕೆಗಳ ಪಟ್ಟಿ ಮಾತ್ರ ಉದ್ದ, ಹೊಸಬರು ಹೆದರಿದರೆ ಅದು ಸಹಜ. ಇನ್ನೊಂದು ವಿಷಯ, ಸೇವ್ ಮಾಡದೆ ಬೇರೆ ಬ್ರಷ್‌ಗೆ ಹೋದರೆ ತಿದ್ದಿದ್ದು ಹೋಗುತ್ತದೆ. ತಾತ್ಕಾಲಿಕವಾಗಿ ಉಳಿಸಿಕೊಳ್ಳುವ ಆಯ್ಕೆ ಇದೆ, ಅದನ್ನು ಆನ್ ಮಾಡಿಕೊಳ್ಳಿ.

ಕ್ಲಿಪ್ ಸ್ಟುಡಿಯೋದಲ್ಲಿ ಇದಕ್ಕೆ ಉಲ್ಟಾ. ತಿದ್ದಿದ್ದು ತಾನಾಗೇ ಉಳಿಯುತ್ತದೆ. ಹಾಗಾಗಿ ಮೂಲ ಬ್ರಷ್ ಅನ್ನು ಲಾಕ್ ಮಾಡಿ ನಕಲಿನಲ್ಲೇ ಆಟವಾಡುವುದು ಒಳ್ಳೆಯದು. ಸ್ಪ್ಯಾನರ್ ಗುರುತು ಒತ್ತಿದರೆ ಎಲ್ಲ ವಿವರ ಸಿಗುತ್ತದೆ. ಇಲ್ಲೂ ಒತ್ತಡಕ್ಕೆ ಕರ್ವ್ ಇದೆ, ಓರೆ, ವೇಗಗಳೂ ಇವೆ, ಆದರೆ ಕ್ರಿಟಾದಷ್ಟು ಬಗೆಯ ಜೋಡಣೆ ಇಲ್ಲ. ನನಗೆ ತುಂಬಾ ಹಿಡಿಸಿದ್ದು ಕಣ್ಣಿನ ಗುರುತು. ಯಾವ ಸೆಟ್ಟಿಂಗ್‌ನ ಪಕ್ಕ ಅದನ್ನು ಒತ್ತುತ್ತೀರೋ ಅದು ಮಾತ್ರ ಕೆಲಸದ ಪ್ಯಾಲೆಟ್‌ನಲ್ಲಿ ಕಾಣುತ್ತದೆ. ಸೈಜ್, ಟೆಕ್ಸ್ಚರ್, ಸ್ಟೆಬಿಲೈಸೇಶನ್ (ಕೈ ನಡುಕವನ್ನು ಗೆರೆಯಲ್ಲಿ ತಗ್ಗಿಸುವುದು) ಇಷ್ಟೇ ಇಟ್ಟುಕೊಂಡೆ. ಚಿತ್ರದ ಮಧ್ಯೆ ಹುಡುಕಾಟವೇ ಇಲ್ಲ.

ಪ್ರೊಕ್ರಿಯೇಟ್ ಐಪ್ಯಾಡ್‌ಗೆ ಮಾತ್ರ. ಅದರ ಬ್ರಷ್ ಸ್ಟುಡಿಯೋದಲ್ಲಿ ಬೇಗ ಕೆಲಸ ಮುಗಿಯಿತು. ಓರೆ ಯಾವ ಕೋನದಿಂದ ಶುರುವಾಗಬೇಕು ಎನ್ನುವುದನ್ನು ಗ್ರಾಫ್ ಮೇಲೆ ಬೆರಳಿನಲ್ಲೇ ಎಳೆದು ಹೇಳಬಹುದು. ತರಿಗೆ ಎರಡು ರೀತಿ ಇವೆ: ಒಂದರಲ್ಲಿ ಅದು ಸ್ಟ್ರೋಕ್ ಜೊತೆ ಎಳೆದುಕೊಂಡು ಹೋಗುತ್ತದೆ, ಇನ್ನೊಂದರಲ್ಲಿ ಕಾಗದದಂತೆ ಕೆಳಗೆ ನಿಂತಿರುತ್ತದೆ. ಪೆನ್ಸಿಲ್‌ಗೆ ಎರಡನೆಯದೇ ಸರಿ. ಆದರೆ ಯಾವುದನ್ನು ಬೇಕಾದರೂ ಯಾವುದಕ್ಕೆ ಬೇಕಾದರೂ ಜೋಡಿಸುವ ಸ್ವಾತಂತ್ರ್ಯ ಇಲ್ಲಿಲ್ಲ.

ಮೂರರಲ್ಲೂ ಎಲ್ಲ ಬ್ರಷ್‌ಗಳಿಗೂ ಸೇರಿ ಒಂದು ಒತ್ತಡದ ಸೆಟ್ಟಿಂಗ್ ಬೇರೆ ಇದೆ. ಮೊದಲು ಅದನ್ನು ನಿಮ್ಮ ಕೈಗೆ ಹೊಂದಿಸಿ. ಇಲ್ಲದಿದ್ದರೆ ಪ್ರತಿ ಬ್ರಷ್‌ನಲ್ಲೂ ಅದೇ ತಿದ್ದುಪಡಿ ಮಾಡುತ್ತಾ ಸುಮ್ನೆ ಹೊತ್ತು ಹೋಗುತ್ತದೆ.

ಬ್ರಷ್ ಹೇಗೆ ಕೆಲಸ ಮಾಡುತ್ತದೆ ಎಂದು ಅರ್ಥವಾಗಬೇಕಾದರೆ ಕ್ರಿಟಾದಲ್ಲೇ ಶುರು ಮಾಡಿ, ಅದು ಉಚಿತ ಕೂಡ. ದಿನವಿಡೀ ಕೂತು ಗೆರೆ ಎಳೆಯುವ ಕೆಲಸಕ್ಕೆ ನಾನು ಕ್ಲಿಪ್ ಸ್ಟುಡಿಯೋವನ್ನೇ ಉಳಿಸಿಕೊಂಡಿದ್ದೇನೆ.